ಎಲ್ಲಕ್ಕಿಂತ ಕೆಳಗಿನ ರಜಾಯಿ

ಚುಸ್ತ್,
೨೨ ಮೇ ೧೯೯೭, ಗುರುವಾರ

ಮಖ್ಬೂಲಾಳ ಅಮ್ಮನಿಗೆ,

ಹೇಗಿದ್ದೀಯ? ಮಂಡಿ ನೋವು ಇಳಿಯಿತೋ ಇಲ್ಲವೋ? ಲಿಫ್ಟಿಲ್ಲದ ಮನೆಯ ನಾಲ್ಕನೇ ಮಹಡಿಗೆ ದಿನಕ್ಕೆರಡು ಸಲ ಹತ್ತಿ ಇಳಿಯುತ್ತೀಯಂತೆ, ಅದೂ ಹಾಲಿನ ಕ್ಯಾನು ಹಿಡಿದುಕೊಂಡು. ಉಮ್ಮತ್ ಬಂದು ಹೇಳಿದಾಗ ನನ್ನ ಮಂಡಿಯೇ ಹಿಡಿದುಕೊಂಡಂತಾಯಿತು. ಆ ನಮ್ಮ ಅಳಿಯ ದೊರೆಗೆ ಕಾಲಿಲ್ಲವೇ? ಇರಲಿ, ಬಾಣಂತಿ ಇರುವ ಮನೆಯಲ್ಲಿ ಜಗಳ ತೆಗೆಯಬೇಡ. ಪಾಪ, ಅವನಿಗೂ ಗಣಿಯಲ್ಲಿ ಹಗಲು ಪಾಳಿ ರಾತ್ರಿ ಪಾಳಿ ಅಂತ ಮೈ ಮುರಿದು ಹೋಗಿರುತ್ತದೆ. ಮಖ್ಬೂಲಾ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ? ಮಗುವಿನ ಹೊಟ್ಟೆಯುಬ್ಬರ ಕಡಿಮೆಯಾಯಿತೇ? ದೊಡ್ಡ ಹುಡುಗಿಯರಿಬ್ಬರೂ ತಮ್ಮನನ್ನು ಎತ್ತಿಕೊಳ್ಳಲು ಕಿತ್ತಾಡುತ್ತಾರಂತೆ, ಕುತ್ತಿಗೆ ಹುಷಾರು ಎಂದು ಹೇಳು. ನಾನು ಚೆನ್ನಾಗಿದ್ದೇನೆ. ಕೆಮ್ಮು ಇಲ್ಲ. ಹಲ್ಲು ಒಂದು ಅಲ್ಲಾಡುತ್ತಿದೆ, ಅದು ನೀನಿರುವಾಗಲೇ ಅಲ್ಲಾಡುತ್ತಿತ್ತು.

ಉಮ್ಮತ್ ತನ್ನ ಲಾರಿಗೆ ಚೆರ್ರಿ ಪೆಟ್ಟಿಗೆ ತುಂಬಿಸುತ್ತಿದ್ದಾನೆ. ತುಂಬಿ ಮುಗಿಯುವುದರೊಳಗೆ ಈ ಕಾಗದ ಮುಗಿಸಬೇಕು. ಹೋದ ಸಲ ಲಕೋಟೆ ಕೊಟ್ಟಾಗ ಗದರಿದ, "ಮೇಲೆ ಹೆಸರು ಬರೆಯೋ ಮಾರಾಯ, ಯಾರಿಗೆ ಅಂತ ಕೊಡ್ಲಿ?" ಅಂತ. "ಮಖ್ಬೂಲಾಳ ಅಮ್ಮ" ಎಂದೇ ಬರೆದೆ. ಮೂವತ್ತೊಂಬತ್ತು ವರ್ಷ ಬಾಯಿಗೆ ಬಾರದ್ದು ಪೆನ್ನಿಗೆ ಎಲ್ಲಿಂದ ಬರಬೇಕು? ನಮ್ಮಪ್ಪನೂ ನಮ್ಮಮ್ಮನನ್ನು ಹೆಸರು ಹಿಡಿದು ಕೂಗಿದವನಲ್ಲ. ಮಖ್ಬೂಲಾ ಹುಟ್ಟುವವರೆಗೆ ನಿನ್ನನ್ನು "ಏ" ಅನ್ನುತ್ತಿದ್ದೆ, ನೆನಪಿದೆಯಾ? ಮಗಳು ಹುಟ್ಟಿ ನಿನಗೊಂದು ಹೆಸರು ಸಿಕ್ಕಿತು ಅಂತ ನಮ್ಮಮ್ಮ ನಗುತ್ತಿದ್ದಳು.

ಸೊಸೆ ಹುಮೈರಾ ಆರೋಗ್ಯವಾಗಿದ್ದಾಳೆ. ಆರು ತಿಂಗಳು ತುಂಬಿತು. ಆದರೆ ಡಾಕ್ಟರಮ್ಮ ಭಾರ ಎತ್ತಲೇಬಾರದು ಎಂದಿದ್ದಾಳೆ, ಬಕೆಟ್ಟೂ ಇಲ್ಲ, ಹಾಸಿಗೆಯೂ ಇಲ್ಲ. ಮಗ ಇಲ್ಹಾಮ್ ಮುಂಜಾನೆ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೆ. ಹೀಗಾಗಿ ನೀನು ಹೋದ ದಿನದಿಂದ ಈ ಮನೆಯ ಹಾಸಿಗೆ ಹೊದಿಕೆಯ ಯಜಮಾನ ನಾನೇ. ನೀನು ಹೊರಡುವಾಗ ಬಾಗಿಲಲ್ಲಿ ನಿಂತು ನಾನು ಏನು ಹೇಳಿದ್ದೆ ಅಂತ ನೆನಪಿದೆ, ನೀನು ನೆನಪಿಸಬೇಕಾಗಿಲ್ಲ. "ಹಾಸೋದು, ಮಡಿಸೋದು. ಅದೇನು ಲಾರಿ ಓಡಿಸಿದ ಹಾಗಾ?" ಅಂದಿದ್ದೆ. ನೀನು ಚಪ್ಪಲಿ ಮೆಟ್ಟುತ್ತ, "ಸ್ವಲ್ಪ ದಿನ ಓಡಿಸಿ ನೋಡಿ, ಆಮೇಲೆ ಮಾತಾಡೋಣ" ಅಂದೆ. ಓಡಿಸಿದೆ. ಈಗ ಮಾತಾಡುತ್ತಿದ್ದೇನೆ.

ಮೊದಲು ನಿನ್ನ ಪ್ರಶ್ನೆ. ಹತ್ತು ದಿನವಾಯಿತು ನಿನ್ನ ಕಾಗದ ಬಂದು. ದಿನಕ್ಕೊಂದು ಸಲ ಓದುತ್ತೇನೆ. ಮಖ್ಬೂಲಾ ನಿನ್ನನ್ನು ಚಳಿಗಾಲ ಬರುವವರೆಗೆ ಅಲ್ಲೇ ಇರು ಅನ್ನುತ್ತಿದ್ದಾಳೆ. ಹುಮೈರಾಗೆ ತಾಯಿಮನೆ ಪಕ್ಕದ ಊರಲ್ಲೇ ಇದೆ, ಮಖ್ಬೂಲಾಗೆ ಅಲ್ಲಿ ಯಾರೂ ಇಲ್ಲ. ನ್ಯಾಯವಾದ ಮಾತೇ. ನೀನು ನಿರ್ಧಾರವನ್ನು ನನ್ನ ತಲೆಗೆ ಕಟ್ಟಿದ್ದೀಯ: "ನಾನು ಇಲ್ಲೇ ಇರಬೇಕು ಅಂದ್ರೆ ನಮ್ಮಮ್ಮ ಕೊಟ್ಟ ರಜಾಯಿಯನ್ನ ಉಮ್ಮತ್ ಕೈಲಿ ಕಳಿಸಿ. ಬರಬೇಕು ಅಂದ್ರೆ ಕಳಿಸಬೇಡಿ. ಬಾಯಿ ಬಿಟ್ಟು ಹೇಳೋರಂತೂ ಅಲ್ಲ ನೀವು." ಈ ಕೊನೆಯ ಮಾತು ಬೇಕಿತ್ತೇ? ಅಂಚೆ ಕಚೇರಿಯಿಂದ ಫೋನು ಮಾಡಿ ಹೇಳೋಣವೆಂದರೆ ಹಿಂದೆ ಸಾಲು ನಿಂತ ಹದಿನೈದು ಜನ ಕಿವಿ ನಿಮಿರಿಸಿಕೊಂಡಿರುತ್ತಾರೆ.

ಅಲ್ಲಿ ನಿನಗೆ ನಿದ್ದೆ ಬರುತ್ತಿಲ್ಲ ಎಂದು ಓದಿ ನನಗೆ ನಗುವೂ ಬಂತು, ಸಂಕಟವೂ ಆಯಿತು. ಕಬ್ಬಿಣದ ಮಂಚದ ನಡು ಜೋತು ಬಿದ್ದು ನೀನು ತೊಟ್ಟಿಲೊಳಗಿನ ಮಗುವಿನ ಹಾಗೆ ಮಲಗುವುದು, ನಡುವೆ ತೂತಿರುವ ಗವಸಿನೊಳಗೆ ಕಂಬಳಿ ತುರುಕುವುದು, ಬೆಳಗಾಗುವಷ್ಟರಲ್ಲಿ ಆ ತೂತಿನಲ್ಲಿ ನಿನ್ನ ಕಾಲು ಸಿಕ್ಕಿಕೊಂಡಿರುವುದು! ಹಾಸಿದ ಬಟ್ಟೆಯ ಅಂಚನ್ನು ಮಗಳು ನಾಲ್ಕು ಕಡೆಯೂ ಹಾಸಿಗೆಯಡಿಗೆ ಬಿಗಿದು ತುರುಕುತ್ತಾಳಂತೆ. "ಲಕೋಟೆಗೆ ಹಾಕಿ ಅಂಟಿಸಿದ ಹಾಗೆ ಮಲಗ್ತೀನಿ" ಎಂದು ಬರೆದಿದ್ದೀಯ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹತ್ತು ದಿನಕ್ಕೊಮ್ಮೆ ಬದಲಾಯಿಸುತ್ತಾಳೆ, ಅದಕ್ಕಿಂತ ಒಂದು ದಿನ ಮೊದಲೂ ಇಲ್ಲ, ಆಮೇಲೂ ಇಲ್ಲ. ಹಾಗಂತ ಅವಳನ್ನು ಬೈಯಬೇಡ. ಅದು ಅವಳ ಮನೆ. ಆ ಕಟ್ಟುನಿಟ್ಟು ಯಾರಿಂದ ಬಂದದ್ದು ಅಂತ ನನಗೆ ಈಗ ಗೊತ್ತಾಗಿದೆ.

ನಮ್ಮ ಮನೆಯ ಸಂದೂಕದ ಮೇಲಿನ ಹಾಸಿಗೆಯ ಅಟ್ಟಿಯನ್ನು ಇಷ್ಟು ವರ್ಷ ಗೋಡೆಯ ಅಲಂಕಾರ ಎಂದೇ ತಿಳಿದಿದ್ದೆ. ಬರುವುದು, ಮಲಗುವುದು, ಏಳುವುದು. ಹಾಸಿಗೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಒಂದು ದಿನವೂ ನೋಡಿದವನಲ್ಲ. ಮೊದಲನೆಯ ಬೆಳಿಗ್ಗೆ ಎಲ್ಲವನ್ನೂ ಬಾಚಿ ಎತ್ತಿ ಸಂದೂಕದ ಮೇಲೆ ಒಗೆದೆ. ಹುಮೈರಾ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಇಟ್ಟುಕೊಂಡಳು. "ಮಾವ, ಕೋಪ ಮಾಡ್ಕೋಬೇಡಿ. ಹಾಗಲ್ಲ ಅದು. ಮಡಿಕೆ ನಮ್ಮ ಕಡೆ ಬರ್ಬೇಕು, ಬಿಟ್ಟ ಅಂಚು ಗೋಡೆ ಕಡೆ. ಮೊದಲು ಎದ್ದವರದು ಎಲ್ಲಕ್ಕಿಂತ ಕೆಳಗೆ, ಕೊನೆಗೆ ಎದ್ದವರದು ಮೇಲೆ." ಯಾಕೆ ಅಂತ ಕೇಳಿದೆ. "ಮೇಲಿದ್ದವರು ಮೊದಲು ಮಲಗ್ತಾರೆ, ಕೆಳಗಿದ್ದವರು ಕೊನೆಗೆ. ಆಗ ಯಾರದನ್ನೂ ಅತ್ತಿತ್ತ ಎಳೀಬೇಕಾಗಿಲ್ಲ" ಎಂದಳು. ಆ ಲೆಕ್ಕ ಹಾಕಿ ನೋಡಿದೆ. ಎಲ್ಲಕ್ಕಿಂತ ಮೇಲಿರುವುದು ನನ್ನ ರಜಾಯಿ, ಅದರ ಕೆಳಗೆ ಇಲ್ಹಾಮನದು, ಆಮೇಲೆ ಹುಮೈರಾಳದು, ಎಲ್ಲಕ್ಕಿಂತ ಕೆಳಗೆ ನಿನ್ನದು. ಮೂವತ್ತೊಂಬತ್ತು ವರ್ಷ ಅದು ಅಲ್ಲೇ ಇತ್ತು. ನಾನು ಗೊರಕೆ ಹೊಡೆಯುವ ಹೊತ್ತಿಗೆ ಹೊರಬಂದು, ನಾನು ಏಳುವ ಮೊದಲೇ ಒಳಗೆ ಹೋಗುತ್ತಿತ್ತು. ನಿನ್ನ ಹೊದಿಕೆಯ ಬಣ್ಣ ಯಾವುದು ಎಂದು ಯಾರಾದರೂ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ದೇವರೇ ಬಲ್ಲ.

ಆಮೇಲೆ ಒಂದೊಂದಾಗಿ ಕಲಿತೆ. ಇಲ್ಹಾಮ್ ದಿಂಬನ್ನು ಎರಡಾಗಿ ಮಡಿಸಿಕೊಂಡು ಮಲಗುತ್ತಾನೆ, ಅದಕ್ಕೆ ಅವನ ದಿಂಬಿಗೆ ಅರ್ಧವೇ ಅರಳೆ ತುಂಬಿಸಿದ್ದೀಯ. ಹುಮೈರಾಗೆ ಈಗ ಎಡಮಗ್ಗುಲಿನಲ್ಲಿ ಒರಗಲು ಹೊದಿಕೆಯದೊಂದು ಸುರುಳಿ ಬೇಕು. ನನಗೆ ಕೆಳಗೆ ಎರಡು ಹಾಸಿಗೆ, ಮೇಲಿನದರ ಕಾಲ್ದೆಸೆ ಒಳಗೆ ಮಡಿಸಿರಬೇಕು, ಇಲ್ಲದಿದ್ದರೆ ಹಿಮ್ಮಡಿ ತಣ್ಣಗಾಗಿ ಎಚ್ಚರವಾಗುತ್ತದೆ. ಇದು ನನ್ನ ಇಷ್ಟ ಅಂತ ನನಗೇ ಗೊತ್ತಿರಲಿಲ್ಲ! ಒಂದು ದಿನ ಮಡಿಸುವುದು ಮರೆತೆ, ಬೆಳಿಗ್ಗೆ ಸುಮ್ಮಸುಮ್ಮನೆ ಎಲ್ಲರ ಮೇಲೂ ರೇಗಿದೆ. ಆಗ ಹುಮೈರಾ ಮೆಲ್ಲಗೆ, "ಕಾಲ್ದೆಸೆ ಮಡಿಸಿರ್ಲಿಲ್ಲ ಮಾವ" ಎಂದಳು. ಹಾಗಾದರೆ ಇಷ್ಟು ವರ್ಷ ನನ್ನದು ಒಳ್ಳೆಯ ಸ್ವಭಾವ ಅಂತ ಲಾರಿ ಅಡ್ಡೆಯಲ್ಲಿ ಎಲ್ಲರೂ ಹೊಗಳಿದ್ದು ಯಾರ ದೆಸೆಯಿಂದ? ಗುರುವಾರ ಗುರುವಾರ ರಜಾಯಿಯ ಒಳಮೈಯ ಬಿಳಿ ಬಟ್ಟೆಯ ಹೊಲಿಗೆ ಬಿಚ್ಚಿ, ಒಗೆದು, ಒಣಗಿಸಿ, ಸಂಜೆಗೆ ಮತ್ತೆ ದೊಡ್ಡ ಹೊಲಿಗೆ ಹಾಕುವುದೂ ಕಲಿತೆ. ಬೆರಳಿಗೆ ಏಳು ಕಡೆ ಸೂಜಿ ಚುಚ್ಚಿದೆ. ಹೋದ ವಾರ ನೀನು ಯಾವಾಗಲೂ ದ್ರಾಕ್ಷಿ ಚಪ್ಪರದ ಆಚೆ ಬಿಸಿಲಿಗೆ ಹಾಕುತ್ತೀಯಲ್ಲ, ಅಷ್ಟು ದೂರ ಯಾಕೆ ಹೊರಬೇಕು ಅಂತ ಹಿಪ್ಪುನೇರಳೆ ಮರದ ಕೆಳಗೇ ಮಂಚದ ಮೇಲೆ ಹರಡಿದೆ. ಹಣ್ಣು ಉದುರುವ ಕಾಲ. ಅತಿಥಿಗಳಿಗೆಂದು ಇಟ್ಟ ರೇಷ್ಮೆಯ ರಜಾಯಿಯ ಮೇಲೆ ಇಪ್ಪತ್ತಾರು ನೇರಳೆ ಕಲೆಗಳು. ಎಣಿಸಿದ್ದೇನೆ. ಮೂರು ಹೋಗಿಲ್ಲ. ಬಂದಾಗ ಬೈಯುವಿಯಂತೆ.

ಈಗ ನಿನ್ನ ರಜಾಯಿಯ ವಿಷಯ. ಇದನ್ನು ಬರೆಯಲು ಚಹಾ ಎರಡು ಸಲ ಕುಡಿಯಬೇಕಾಯಿತು. ನಿನ್ನ ಕಾಗದ ಓದಿದ ದಿನವೇ ಮಗಳ ಕಷ್ಟ ದೊಡ್ಡದು, ನಾನು ಅಡ್ಡ ಬರಬಾರದು, ಕಳಿಸಿಯೇಬಿಡೋಣ ಎಂದು ನಿಶ್ಚಯ ಮಾಡಿದೆ. ಮೇಲಿನವನ್ನು ಇಳಿಸುವ ತಾಳ್ಮೆ ಯಾರಿಗಿದೆ? ಅಡಿಯಲ್ಲಿದ್ದುದನ್ನು ಹಿಡಿದು ಎಳೆದೆ. ಇಡೀ ಅಟ್ಟಿ ನನ್ನ ಮೇಲೆ ಕುಸಿಯಿತು. ಹುಮೈರಾ ಓಡಿ ಬಂದು, "ಅಯ್ಯೋ ಮಾವ, ಎಲ್ಲಿದೀರಿ?" ಅಂತ ಕೂಗಿದಳು. ಎದ್ದು ಕೂತು ನೋಡುತ್ತೇನೆ, ನನ್ನ ಕೈಯಲ್ಲಿ ನಿನ್ನ ರಜಾಯಿ. ಮಾಸಿದ ನೇರಳೆ ಬಣ್ಣ. ಎತ್ತಿದರೆ ಭಾರವೇ ಇಲ್ಲ. ಬೆಳಕಿಗೆ ಹಿಡಿದರೆ ಒಂದೆರಡು ಕಡೆ ಆಚೆಯ ಕಿಟಕಿ ಕಾಣಿಸಿತು. ಹುಳು ತಿಂದಿರಬೇಕು, ಇಲ್ಲ ಹಳೆಯ ಅರಳೆ ಗಂಟು ಕಟ್ಟಿರಬೇಕು ಅಂದುಕೊಂಡೆ. ಹೀಗೇ ಕಳಿಸಿದರೆ ಮಗಳ ಮನೆಯಲ್ಲಿ ಮರ್ಯಾದೆ ಹೋಗುತ್ತದೆ, ಹಿಂಜಿಸಿ ಕಳಿಸೋಣ, ನೀನು ಬೆರಗಾಗಬೇಕು ಎಂಬ ಆಸೆ. ಹುಮೈರಾ ಒಂದೇ ಮಾತು ಹೇಳಿದ್ದಳು: "ಅದನ್ನ ಮಾತ್ರ ಯಂತ್ರಕ್ಕೆ ಕೊಡ್ಬೇಡಿ ಮಾವ. ಅತ್ತೆ ಅದನ್ನ ಕೋಲಲ್ಲೇ ಬಡಿಯೋದು." ಕೋಲಿನಲ್ಲಿ ಎರಡು ದಿನ ಬಡಿಯುತ್ತ ಕೂರಲು ನನಗೇನು ಹುಚ್ಚೇ? ಮಾರನೆಯ ದಿನ ಅವಳು ಆಸ್ಪತ್ರೆಗೆ ಹೋದ ಸಮಯ ನೋಡಿ ನನ್ನದನ್ನೂ ನಿನ್ನದನ್ನೂ ಹೆಗಲ ಮೇಲೆ ಹಾಕಿಕೊಂಡು ಪೇಟೆಗೆ ಹೋದೆ.

ಅರಳೆ ಹಿಂಜುವ ರೋಜಿಮತ್ ಗೊತ್ತಲ್ಲ, ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡಿರುವವನು. ಕೂತು ಗವಸು ಬಿಚ್ಚಿಕೊಟ್ಟೆ. ಎರಡರ ಒಳಮೂಲೆಯಲ್ಲೂ ಕೆಂಪು ದಾರದ ಒಂದು ಸಣ್ಣ ಗುಣಾಕಾರದ ಗುರುತಿತ್ತು. ಒಗೆಯುವಾಗ ಅದಲುಬದಲಾಗದಿರಲಿ ಅಂತ ಹಾಕಿದ್ದೀಯ ಅಂದುಕೊಂಡೆ. ರೋಜಿಮತ್ ನನ್ನ ಅರಳೆಯನ್ನು ತಕ್ಕಡಿಯ ಕೊಕ್ಕೆಗೆ ನೇತು ಹಾಕಿದ. ಆರು ಕಿಲೋ. ನಿನ್ನದನ್ನು ಹಾಕಿದ. ಒಂದೂ ಮುಕ್ಕಾಲು. ಅವನು ನನ್ನ ಮುಖ ನೋಡಿ ಕೇಳಿದ, "ಯಜಮಾನ್ರೇ, ಇದು ಮಗೂದಾ?" ಅಲ್ಲ ಅಂದೆ. "ಮತ್ತೆ ಯಾರದು?" ಸುತ್ತ ನಾಲ್ಕು ಜನ ನಿಂತಿದ್ದರು. ನನ್ನ ಹೆಂಡತಿಯದು ಎನ್ನಲು ನಾಲಿಗೆ ಏಳಲಿಲ್ಲ. "ನೀನು ಹಿಂಜಪ್ಪ" ಅಂತ ಗದರಿ ಚಹಾದಂಗಡಿಗೆ ಹೋದೆ. ಅಲ್ಲಿ ಎರಡು ಬಟ್ಟಲು ಕುಡಿದು ಬರುವಷ್ಟರಲ್ಲಿ ಅಂಗಡಿಯ ನೆಲದ ಮೇಲೆ ಒಂದೇ ಒಂದು ಬೆಳ್ಳಗಿನ ರಾಶಿ. "ಇನ್ನೊಂದು ಎಲ್ಲಿ?" ಅಂದೆ. "ಎರಡೂ ಒಂದೇ ಮನೇದಲ್ವಾ, ಒಟ್ಟಿಗೇ ಹಾಕಿದೆ" ಅಂದ ಆ ಪುಣ್ಯಾತ್ಮ. ಅವನ ತಪ್ಪಲ್ಲ, ಹೇಳದೆ ಹೋದವನು ನಾನು. ನಿಮ್ಮಮ್ಮ ಕೈಯಾರೆ ಬಿಡಿಸಿ, ಬಡಿದು, ಪದರ ಪದರವಾಗಿ ಹಾಸಿ ನಿನ್ನ ಮದುವೆಗೆ ಕೊಟ್ಟ ಅರಳೆ ಯಾವುದು, ನನ್ನದು ಯಾವುದು? ಕೈ ಹಾಕಿ ಹುಡುಕಿದೆ. ಹತ್ತಿಯಲ್ಲಿ ಹತ್ತಿಯನ್ನು ಏನಂತ ಹುಡುಕುವುದು! ಹಿಮದಲ್ಲಿ ಬ್ರೇಕು ಹೋದಾಗಲೂ ನಾನು ಅಷ್ಟು ಹೆದರಿರಲಿಲ್ಲ, ಸತ್ಯವಾಗಿ ಹೇಳುತ್ತೇನೆ.

ಮೂಟೆ ಹೊತ್ತು ಮನೆಗೆ ಬಂದು ಅಂಗಳದ ಮಂಚದ ಮೇಲೆ ಇಳಿಸಿದೆ. ಹುಮೈರಾ ಆಸ್ಪತ್ರೆಯಿಂದ ಬಂದು ಕೂತಿದ್ದಳು. ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಅಳುವೇ ಬಂತು, ಯಾಕೆ ಮುಚ್ಚಿಡಲಿ. ಆ ಹುಡುಗಿ ಬೈಯಲಿಲ್ಲ. ನನ್ನ ಗವಸನ್ನು ತೊಡೆಯ ಮೇಲೆಳೆದುಕೊಂಡು ಮೂಲೆಯ ಕೆಂಪು ದಾರ ತೋರಿಸಿದಳು. "ಬೆರೆತುಹೋಯ್ತು ಅಂತ ಯಾಕಳ್ತೀರಿ ಮಾವ? ಅತ್ತೆ ಎಂದೋ ಬೆರೆಸಿಟ್ಟಿದಾರೆ. ಈ ಗುರುತು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅಜ್ಜಿ ಹತ್ತಿ ಇದೆ. ಮಖ್ಬೂಲಾ ಅತ್ತಿಗೆ ಹುಟ್ಟಿದಾಗ ಒಂದು ಹಿಡಿ. ಉಳಿದ ಮೂರು ಮಕ್ಕಳಿಗೂ ಒಂದೊಂದು ಹಿಡಿ, ಎದೆ ಹತ್ರ ಬರೋ ಮೊದಲನೇ ಪದರಕ್ಕೆ. ಮದುವೆಯಾಗಿ ನಾನು ಬಂದಾಗ ನಂಗೂ ಒಂದು. ನಿಮಗೆ ಮಾತ್ರ ಹಿಡಿಯಲ್ಲ, ಅರ್ಧಕ್ಕರ್ಧ." ಯಾವಾಗ, ಅಂದೆ. ಇಲ್ಹಾಮ್ ಹುಟ್ಟಿದ ವರ್ಷ, ಘಾಟಿಯಲ್ಲಿ ಹಿಮಕ್ಕೆ ಸಿಕ್ಕಿ ಎರಡು ದಿನ ಲಾರಿಯಲ್ಲೇ ಕೂತು ಎದೆಗೆ ಶೀತ ಇಳಿದು ನನ್ನನ್ನು ಹೊತ್ತು ತಂದರಲ್ಲ, ಆಗ. ಆ ಚಳಿಗಾಲ ಪೇಟೆಯಲ್ಲಿ ಒಳ್ಳೆಯ ಅರಳೆ ಸಿಗಲಿಲ್ಲವಂತೆ. ನೀನು ನಿನ್ನದನ್ನು ಬಿಚ್ಚಿದೆಯಂತೆ.

ಆಗಲೇ ಅಲ್ಲವೇ ನಾನು ಮೇಲೇಳುವಷ್ಟಾದ ಕೂಡಲೇ, "ಈ ರಜಾಯಿ ಯಾಕೋ ಭಾರ, ಉಸಿರು ಕಟ್ಟುತ್ತೆ" ಅಂತ ಗೊಣಗಿದ್ದು? ನೀನು "ಹಂಗಾದ್ರೆ ಒದ್ದು ಹಾಕಿ" ಅಂದಿದ್ದೆ. ಇಪ್ಪತ್ತಮೂರು ಚಳಿಗಾಲ ನೀನು ಆ ಗಾಳಿಯಂಥ ಬಟ್ಟೆ ಹೊದ್ದು ನನ್ನ ಪಕ್ಕದಲ್ಲೇ ಮಲಗಿದ್ದೀಯ, ನಾನು ಆರು ಕಿಲೋ ಹೊದ್ದು ಬೆವರಿದ್ದೇನೆ. ಒಂದು ದಿನ ಕೈ ಚಾಚಿ ಮುಟ್ಟಿದ್ದರೆ ಗೊತ್ತಾಗುತ್ತಿತ್ತು. ನಿನ್ನಂಥವಳನ್ನು ನಾನು ನೋಡಿಲ್ಲ ಕಣೇ. ಹೊಗಳುತ್ತಿದ್ದೇನೆ ಅಂತ ನಗಬೇಡ. ದೇಶವೆಲ್ಲ ಲಾರಿ ಓಡಿಸಿದವನು, ಎಷ್ಟೋ ಊರಿನ ಜನರನ್ನು ಕಂಡವನು ಹೇಳುತ್ತಿದ್ದೇನೆ, ನೋಡಿಲ್ಲ.

ರಾಶಿಯನ್ನು ಎರಡು ಪಾಲು ಮಾಡಿದೆ. ತಕ್ಕಡಿ ತಂದು ತೂಗಿದೆ, ಹುಮೈರಾ ಮುಳ್ಳು ನೋಡಿದಳು, ಇಬ್ಬರಿಗೂ ಸಮಸಮ. ಅವಳು ಮಂಚದ ಮೇಲೆ ಕೂತು ಹೇಳಿದ ಹಾಗೆ ನಾನು ಮಂಡಿಯೂರಿ ಪದರ ಹಾಸಿದೆ. "ಮೂಲೆಗೆ ಇನ್ನಷ್ಟು ಮಾವ. ನಡುವೆ ಒತ್ತಬೇಡಿ, ಮಗು ಬೆನ್ನು ತಟ್ಟಿದ ಹಾಗೆ ತಟ್ಟಿ." ಹೊಲಿಗೆ ಅವಳದೇ, ನನ್ನ ಕೈಗೆ ಕೊಟ್ಟಿದ್ದರೆ ಲಾರಿಯ ಟಾರ್ಪಾಲು ಹೊಲಿದ ಹಾಗಾಗುತ್ತಿತ್ತು. ಎರಡು ದಿನ ಹಿಡಿಯಿತು. ನಿನ್ನ ಗವಸಿನ ಮಾಸಿದ ನೇರಳೆ ಬಟ್ಟೆಯನ್ನು ಬದಲಿಸಲಿಲ್ಲ, ಕೆಂಪು ದಾರವೂ ಅಲ್ಲೇ ಇದೆ. ಮುಗಿದ ಮೇಲೆ ಹೊದ್ದು ನೋಡಿದೆ. ಬೆಚ್ಚಗಿದೆ. ನಿಮ್ಮಮ್ಮ ಕೊಟ್ಟಾಗ ಹೀಗೇ ಇದ್ದಿರಬೇಕು.

ಹುಮೈರಾ ಅದನ್ನು ಮಡಿಸಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟಿದ್ದಾಳೆ. ಕಟ್ಟುವಾಗ ಕೇಳಿದಳು, "ಆಗಸ್ಟಲ್ಲಿ ನಮ್ಮ ಮಗೂಗೆ ಮೊದಲ ಹಿಡಿ ಯಾರು ಹಾಕ್ತಾರೆ ಮಾವ?" ನಿಮ್ಮಮ್ಮ ಇದ್ದಾಳಲ್ಲ, ಅಂದೆ. "ನಮ್ಮಮ್ಮ ಒಳ್ಳೇವಳೇ. ಆದ್ರೆ ಆ ಹತ್ತಿ ಅವಳದಲ್ವಲ್ಲ" ಅಂದಳು. ಆಮೇಲೆ ಮುಖ ಆಚೆ ತಿರುಗಿಸಿಕೊಂಡು, "ಕಳಿಸಿ, ಪರವಾಗಿಲ್ಲ. ಅತ್ತಿಗೆಗೂ ಕಷ್ಟ ಇದೆ" ಎಂದಳು. ಆದ್ದರಿಂದ ರಜಾಯಿಯನ್ನು ಇದೇ ಲಾರಿಯಲ್ಲಿ ಕಳಿಸುತ್ತಿದ್ದೇನೆ. ಚಳಿಗಾಲದವರೆಗೆ ಇರು. ನಮ್ಮ ಚಿಂತೆ ಬೇಡ. ಹಾಸಿಗೆ ನಾನು ನೋಡಿಕೊಳ್ಳುತ್ತೇನೆ, ರೊಟ್ಟಿ ಹುಮೈರಾ ಸುಡುತ್ತಾಳೆ. ಒಣ ಪುದೀನ ಒಂದು ಪೊಟ್ಟಣ, ನಿನ್ನ ಮಂಡಿಗೆ ಕುರಿಯ ಕೊಬ್ಬು ಒಂದು ಡಬ್ಬಿ, ಮಕ್ಕಳಿಗೆ ಒಂದು ಪೆಟ್ಟಿಗೆ ಚೆರ್ರಿ ಇದರ ಜೊತೆಗಿದೆ. ಚೆರ್ರಿಯನ್ನು ಆ ಬಿಳಿ ಬಟ್ಟೆಯ ಮಂಚದ ಮೇಲೆ ಕೂತು ತಿನ್ನಲು ಬಿಡಬೇಡ.

ಮಖ್ಬೂಲಾಳ ತಲೆ ಸವರಿದೆ ಎಂದು ಹೇಳು. ಹೆಣ್ಣುಮಕ್ಕಳಿಬ್ಬರಿಗೂ ಮುದ್ದು, ಚಿಕ್ಕವನಿಗೆ ದೀರ್ಘಾಯುಸ್ಸು. ಅಳಿಯನಿಗೆ ನನ್ನ ಸಲಾಮು, ಹಾಲಿನ ಕ್ಯಾನಿನ ವಿಷಯ ನಾನೇ ಬರೆದೆ ಎಂದು ಹೇಳಬೇಡ. ದೇವರು ನಿಮ್ಮೆಲ್ಲರನ್ನೂ ಬೆಚ್ಚಗಿಟ್ಟಿರಲಿ.

ಮಖ್ಬೂಲಾಳ ಅಪ್ಪ,
ಓರ್ತಿಕ್

ಮರೆತ ಮಾತು: ಉಮ್ಮತ್ ಹಾರನ್ ಹೊಡೆಯುತ್ತಿದ್ದಾನೆ, ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಗಂಟನ್ನು ಚೆರ್ರಿ ಪೆಟ್ಟಿಗೆಗಳ ನಡುವೆ ಇಟ್ಟೆ. ಹಗ್ಗ ಕಟ್ಟಿದ ಮೇಲೆ ಇಳಿಸಿದೆ. ಮತ್ತೆ ಹತ್ತಿಸಿದೆ. ಮತ್ತೆ ಇಳಿಸಿದೆ. "ಏನಯ್ಯಾ, ಹಾಕೋದೋ ಇಳಿಸೋದೋ? ಹಣ್ಣು ಕೊಳೆಯುತ್ತೆ" ಅಂತ ಬೈಯುತ್ತಿದ್ದಾನೆ. ಈಗ ಅದು ನನ್ನ ಕಂಕುಳಲ್ಲಿದೆ. ಕಳಿಸುತ್ತಿಲ್ಲ. ಮೇಲೆ ಬರೆದದ್ದನ್ನು ಹೊಡೆದುಹಾಕಲು ಸಮಯವಿಲ್ಲ, ಅದನ್ನು ನಂಬಬೇಡ. ಹುಡುಗಿಯರ ಶಾಲೆ ಈ ವಾರ ಮುಚ್ಚುತ್ತದಲ್ಲ, ಮಖ್ಬೂಲಾಳನ್ನೂ ಮಕ್ಕಳನ್ನೂ ಕರೆದುಕೊಂಡೇ ಬಾ, ಬೇಸಿಗೆಯೆಲ್ಲ ಇಲ್ಲೇ ಇರಲಿ. ಹನ್ನೊಂದು ಜನಕ್ಕಾಗುವಷ್ಟು ಹಾಸಿಗೆಯಿದೆ, ಹಾಸಲು ನಾನಿದ್ದೇನೆ. ನಿನ್ನ ರಜಾಯಿಯನ್ನು ಇನ್ನು ಮೇಲೆ ನಾನೇ ಬಿಚ್ಚಿ ಹಾಸುತ್ತೇನೆ, ಅಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಅದು. ಬಾಯಿ ಬಿಟ್ಟು ಹೇಳುವವನಲ್ಲ ಅಂದೆಯಲ್ಲ, ಹೇಳುತ್ತಿದ್ದೇನೆ. ಬಾ, ಹೊಸಿಯತ್. ಹೆಸರು ಬರೆದ ಕಡೆಯನ್ನು ಒಳಕ್ಕೆ ಮಡಿಸಿದ್ದೇನೆ, ಉಮ್ಮತನಿಗೆ ಕಾಣಿಸುವುದಿಲ್ಲ.